ಹಡಗಿನ ಮನೆಗೊಂದು ಹಾಯಿ

ಮದುಮಗಳು ಯಾರು ಎಂದು ಬಾಗಿಲಲ್ಲಿ ಯಾರೋ ಕೇಳಿದಾಗ ದ್ರಾಕ್ಷಾಯಣಿ ಹಳಿಯಾಳದಿಂದ ಬಂದಿದ್ದ ಶಾಲೆಯ ಮಕ್ಕಳಿಗೆ ತಿಮಿಂಗಿಲದ ಕತೆ ಹೇಳುತ್ತಿದ್ದಳು. ಕತೆ ಸರಿಯಾಗಿ ತಿಮಿಂಗಿಲ ಬಾಲ ಎತ್ತುವ ಜಾಗಕ್ಕೆ ಬಂದಿತ್ತು. ಬಾಯಿ ತೆರೆದುಕೊಂಡು ಕೂತಿದ್ದ ಮಕ್ಕಳೆಲ್ಲ ಬಾಯಿ ಮುಚ್ಚದೆ ಹಾಗೇ ಬಾಗಿಲ ಕಡೆ ತಿರುಗಿದವು.

ಎತ್ತರದ ಮನುಷ್ಯನೊಬ್ಬ ನಿಂತಿದ್ದ. ಹೆಗಲ ಮೇಲೆ ಗುಲಾಬಿ ಝಾಲರಿನ ದೊಡ್ಡ ಬಟ್ಟೆಯ ಸುರುಳಿ, ಕೈಯಲ್ಲಿ ಹಗ್ಗದ ಕಟ್ಟು. ಅವನ ಹಿಂದೆ ಅಂಗಳದಲ್ಲಿ ಒಂದು ಟೆಂಪೊ, ಅದರ ತುಂಬ ಬಿದಿರು ಕಂಬ. ಕಂಬಗಳ ಮೇಲೆ ‘ಶುಭವಿವಾಹ’ ಎಂದು ಥರ್ಮಾಕೋಲಿನಲ್ಲಿ ಕೊರೆದ ಹಲಗೆ ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು.

ಇಲ್ಲಿ ಯಾರ ಮದುವೆಯೂ ಇಲ್ಲ ಎಂದು ದ್ರಾಕ್ಷಾಯಣಿ ಹೇಳಿದಳು. ಅವನು ನಂಬಲಿಲ್ಲ.

“ಇಲ್ಲ ಅಂದ್ರ ಹೆಂಗ್ರಿ? ಶಿವಲಿಂಗಪ್ಪನವರು ಫೋನ್ ಮಾಡಿದ್ರು. ದೊಡ್ಡ ಬಟ್ಟಿ ಬೇಕು, ಕಂಬಕ್ಕ ಏರಸೂದು ಐತಿ, ಉಳಿದದ್ದು ದ್ರಾಕ್ಷಾಯಣಿನ್ನ ಕೇಳ್ರಿ ಅಂದ್ರು. ದ್ರಾಕ್ಷಾಯಣಿ ಅಂದ್ರ ಮದುಮಗಳು ಅಂತ ತಿಳಕೊಂಡೆ.”

“ದ್ರಾಕ್ಷಾಯಣಿ ನಾನ.”

ಅವನು ಅವಳ ನೀಲಿ ಚೂಡಿದಾರ, ಕೊರಳಲ್ಲಿ ನೇತಾಡುತ್ತಿದ್ದ ಗುರುತಿನ ಚೀಟಿ, ಕೈಯಲ್ಲಿದ್ದ ಉದ್ದನೆಯ ಕೋಲು ಎಲ್ಲವನ್ನೂ ನಿಧಾನವಾಗಿ ನೋಡಿದ. ಆಮೇಲೆ ಮುಖವನ್ನೂ ನೋಡಿದ. ಅಲ್ಲಿ ನೋಟ ಸ್ವಲ್ಪ ಹೆಚ್ಚೇ ನಿಂತಿತು.

“ಮತ್ತ ಮದುಮಗಳು ಸಿಕ್ಕಂಗ ಆತಲ್ರಿ,” ಎಂದ.

ಮಕ್ಕಳು ಘೊಳ್ಳೆಂದು ನಕ್ಕವು. ಜೊತೆಗೆ ಬಂದಿದ್ದ ಶಿಕ್ಷಕಿ ಸೆರಗನ್ನು ಬಾಯಿಗೆ ಹಿಡಿದುಕೊಂಡಳು. ಆ ದಿನ ತಿಮಿಂಗಿಲ ಎತ್ತಿದ ಬಾಲವನ್ನು ಕೆಳಗಿಳಿಸಲೇ ಇಲ್ಲ.

ದಾಂಡೇಲಿಯ ಜನ ಆ ಜಾಗವನ್ನು ಹಡಗಿನ ಮನಿ ಎನ್ನುತ್ತಾರೆ. ಕಾಳಿ ನದಿಯ ದಂಡೆಗೆ ಹತ್ತಿರ, ಒಂದು ಕಾಲಕ್ಕೆ ಕಟ್ಟಿಗೆ ತುಂಬಿಡುತ್ತಿದ್ದ ಹಳೆಯ ಗೋದಾಮು ಅದು. ಹಳಿಯಾಳದ ಶಿವಲಿಂಗಪ್ಪ ಮೀಸೆ ಚಿಗುರುವ ವಯಸ್ಸಿನಲ್ಲಿ ನೌಕಾಪಡೆ ಸೇರಿ, ಮೀಸೆ ಬೆಳ್ಳಗಾದ ಮೇಲೆ ನಿವೃತ್ತನಾಗಿ ಬಂದವನು. ಬರುವಾಗ ಹಿತ್ತಾಳೆಯ ಗಂಟೆ, ದಿಕ್ಸೂಚಿ, ದೀಪ, ಹಡಗಿನ ಪುಟ್ಟ ಮಾದರಿಗಳು, ಗಂಟು ಹಾಕಿದ ಹಗ್ಗಗಳು ಎಲ್ಲವನ್ನೂ ಹೊತ್ತು ತಂದು, ಜನ ನೋಡಲೆಂದು ಇಲ್ಲಿ ಜೋಡಿಸಿಟ್ಟಿದ್ದ. ಘಟ್ಟದ ಮೇಲಿನ ಊರಿಗೆ ಹಡಗು ಯಾಕೆ ಎಂದು ಯಾರಾದರೂ ಕೇಳಿದರೆ ಅವನ ಉತ್ತರ ತಯಾರಿತ್ತು. ಹಡಗು ಹುಟ್ಟಿದ್ದೇ ಇಲ್ಲಿ, ಈ ಕಾಡಿನ ಸಾಗವಾನಿ ಕಾಳಿಯಲ್ಲಿ ತೇಲಿಕೊಂಡು ಹೋಗಿ ಕಡಲು ಸೇರುತ್ತಿತ್ತು, ನಮ್ಮೂರಿನ ಮರಗಳು ನಮಗಿಂತ ಮೊದಲೇ ದೇಶ ಸುತ್ತಿವೆ ಎನ್ನುತ್ತಿದ್ದ.

ದ್ರಾಕ್ಷಾಯಣಿ ಮುಂಡಗೋಡ ತಾಲ್ಲೂಕಿನ ಪಾಳಾದವಳು. ಧಾರವಾಡದಲ್ಲಿ ಇತಿಹಾಸ ಓದಿ ಕೆಲಸ ಹುಡುಕುತ್ತಿದ್ದಾಗ ಇಲ್ಲಿ ಮಾತು ಬಲ್ಲವರು ಬೇಕಾಗಿದ್ದಾರೆ ಎಂದು ತಿಳಿದು ಬಂದಳು. ಮಾತು ಅವಳಿಗೆ ಹುಟ್ಟಿನಿಂದಲೇ ಬಂದಿತ್ತು. ಶಿವಲಿಂಗಪ್ಪನನ್ನು ಮೊದಲ ದಿನವೇ ಕಾಕಾ ಎಂದು ಕರೆದಳು. ಆತ ಮೊದಲ ದಿನವೇ ಬೀಗದ ಕೈ ಕೊಟ್ಟ.

ಆ ಚಳಿಗಾಲದಲ್ಲಿ ಹಡಗಿನ ಮನೆಗೆ ಹೊಸ ಅತಿಥಿ ಬಂದಿತ್ತು. ಮಚವೆ, ಕರಾವಳಿಯ ಮೀನುಗಾರರ ಹಳೆಯ ಹಾಯಿದೋಣಿ. ಲಾರಿಯ ಮೇಲೆ ಘಟ್ಟ ಹತ್ತಿ ಬಂದ ಅದನ್ನು ಅಂಗಳದಲ್ಲಿ ಮರದ ದಿಮ್ಮಿಗಳ ಮೇಲೆ ಕೂರಿಸಿದ್ದರು. ಒಡಲು ಗಟ್ಟಿಯಾಗಿತ್ತು, ನಡುಕಂಬ ನೆಟ್ಟಗಿತ್ತು, ಹಾಯಿಯನ್ನು ಮಾತ್ರ ಇಲಿಗಳು ಮುಗಿಸಿದ್ದವು. ಎಂಜಿನ್ ಬಂದ ಮೇಲೆ ಹಾಯಿ ಹೊಲಿಯುವವರು ಕಡಿಮೆಯಾಗಿ, ಕಾಕಾ ಹುಡುಕಿದ ಕಡೆ ಯಾರೂ ಸಿಕ್ಕಿರಲಿಲ್ಲ. ಕೊನೆಗೆ ತನಗೆ ಗೊತ್ತಿದ್ದವರಲ್ಲಿ ಅತಿ ದೊಡ್ಡ ಬಟ್ಟೆ ಹೊಲಿಯುವವನು ಯಾರು ಎಂದು ಯೋಚಿಸಿ, ಹಳಿಯಾಳದ ಪೆಂಡಾಲ್ ಸಿದ್ದಲಿಂಗನಿಗೆ ಫೋನ್ ಹಚ್ಚಿದ್ದ. ಫೋನಿನಲ್ಲಿ ಗರಗರ ಸದ್ದಿತ್ತು. ಹಾಯಿ ಎಂಬ ಮಾತು ಆ ಕಡೆ ಮುಟ್ಟಲೇ ಇಲ್ಲ.

ಈಗ ಮಚವೆಯ ಮುಂದೆ ನಿಂತ ಸಿದ್ದಲಿಂಗ ಕಂಬವನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ ತಲೆ ಅಲ್ಲಾಡಿಸಿದ. ಇದು ತನ್ನ ಕೆಲಸವಲ್ಲ ಎಂದ. ಅವನ ಪ್ರಕಾರ ಪೆಂಡಾಲು ಕಟ್ಟುವವನಿಗೆ ಲೋಕದಲ್ಲಿ ಇರುವುದು ಒಂದೇ ವೈರಿ, ಗಾಳಿ. “ಬಂದ ಗಾಳಿನ್ನ ಹೊರಗ ಬಿಡೂದು ನನ್ನ ಕೆಲಸ್ರಿ. ಹಿಡಿದು ಇಟ್ಕೊಳ್ಳೂದಲ್ಲ.”

“ಬಿಡ್ರಿ ಕಾಕಾ,” ಎಂದಳು ದ್ರಾಕ್ಷಾಯಣಿ. ಮದುಮಗಳ ಮಾತಿನ ಸಿಟ್ಟು ಇನ್ನೂ ಆರಿರಲಿಲ್ಲ. “ಪ್ಲಾಸ್ಟಿಕ್ ತಾಡಪಲ್ ತಂದು ಹಾಕೂಣು. ಇದು ಅಣ್ಣಾರ ಕೈಲೆ ಆಗೂ ಕೆಲಸ ಅಲ್ಲ.”

ಅಣ್ಣಾರ ಎಂಬ ಮಾತಿಗೋ, ಆಗುವುದಿಲ್ಲ ಎಂಬ ಮಾತಿಗೋ, ಅವನ ಕಿವಿ ಕೆಂಪಾಯಿತು. ಜೇಬಿನಿಂದ ಅಳತೆಯ ಟೇಪು ತೆಗೆದ.

ಮದುವೆಯ ಕೆಲಸ ಇಲ್ಲದ ದಿನಗಳಲ್ಲೆಲ್ಲ ಸಿದ್ದಲಿಂಗ ಮಧ್ಯಾಹ್ನ ಬರತೊಡಗಿದ. ಜಗಲಿಯ ಮೇಲೆ ಹೊಲಿಗೆ ಯಂತ್ರ, ಅದರ ಸುತ್ತ ದಪ್ಪ ಹತ್ತಿ ಬಟ್ಟೆಯ ಬಿಳಿ ಗುಡ್ಡ. ನಡುವೆ ಅವನು. ಅಂಚಿಗೆ ಹಗ್ಗ ಕೂಡಿಸುವಾಗ ಮಾತ್ರ ಯಂತ್ರ ಬಿಟ್ಟು ದಬ್ಬಣ ಹಿಡಿಯುತ್ತಿದ್ದ. ಅಂಚನ್ನು ಸ್ವಲ್ಪ ಕಮಾನಿನಂತೆ ಕತ್ತರಿಸಬೇಕು, ಹಾಗಿದ್ದರೇ ಹಾಯಿಗೆ ಹೊಟ್ಟೆ ಬರುತ್ತದೆ ಎಂದು ಕಾಕಾ ಹೇಳಿಕೊಟ್ಟ. ಹುಟ್ಟಿದಾಗಿನಿಂದ ನೆಟ್ಟಗೆ ಕತ್ತರಿಸಿದ ಕೈಗೆ ಅದು ಕಷ್ಟವಾಯಿತು. ಎರಡು ಸಲ ಕೆಡಿಸಿ ಮೂರನೆಯ ಸಲಕ್ಕೆ ಕಲಿತ.

ದ್ರಾಕ್ಷಾಯಣಿ ಬಂದ ಜನರನ್ನು ಕರೆದುಕೊಂಡು ಒಳಗೆ ಒಂದು ಸುತ್ತು ಹೋದರೆ ಕೊನೆಗೆ ಜಗಲಿಗೇ ಬರಬೇಕಿತ್ತು. ದಾರಿ ಇದ್ದದ್ದೇ ಹಾಗೆ. ಮೊದಲು ಅವಳು ದೂರದಿಂದಲೇ ಕೈ ತೋರಿಸಿ, ಇಲ್ಲಿ ಹಾಯಿ ತಯಾರಾಗುತ್ತಿದೆ ಎಂದು ಹೇಳಿ ಮುಂದೆ ಹೋಗುತ್ತಿದ್ದಳು. ಆಮೇಲೆ ಅಲ್ಲಿ ಸ್ವಲ್ಪ ನಿಲ್ಲತೊಡಗಿದಳು. ಆಮೇಲೆ ಜನ ಹೋದರೂ ಅವಳು ಅಲ್ಲೇ ಇರುತ್ತಿದ್ದಳು.

ಅವನು ತಲೆ ತಗ್ಗಿಸಿಕೊಂಡು ಹೊಲಿಯುತ್ತಿದ್ದರೂ ಕಿವಿ ಒಳಗೆ ಇಟ್ಟಿರುತ್ತಿದ್ದ ಎಂಬುದು ಅವಳಿಗೆ ಒಂದು ದಿನ ಗೊತ್ತಾಯಿತು.

“ಮೇಡಂ, ನಿನ್ನೆ ತಿಮಿಂಗಿಲ ಬಸ್ಸಿನಷ್ಟು ಇತ್ತು,” ಎಂದ, ಸೂಜಿಗೆ ದಾರ ಪೋಣಿಸುತ್ತ. “ಇವತ್ತು ಬಸ್ ಸ್ಟ್ಯಾಂಡಿನಷ್ಟು ಆಗೈತಿ.”

“ಮೀನು ಬೆಳೀತಾವರಿ ಅಣ್ಣಾರ.”

“ಹಿಂಗ ಬೆಳದ್ರ ಉಗಾದಿ ಹಬ್ಬಕ್ಕ ದಾಂಡೇಲ್ಯಾಗ ಜಾಗಾ ಸಾಲೂದಿಲ್ಲ. ಇನ್ನ ಅಣ್ಣಾರ ಅನ್ನೂದು ಬಿಡ್ರಿ. ನನಗ ಮನ್ಯಾಗ ಮೂರು ಮಂದಿ ತಂಗ್ಯಾರು ಅದಾರ. ಸಾಕು.”

ಸೂಜಿಯ ಕಣ್ಣಿಗೆ ದಾರ ಹೋಗಿರಲಿಲ್ಲ. ಅವನು ಸೂಜಿಯನ್ನು ನೋಡುತ್ತಲೇ ಇರಲಿಲ್ಲ.

ಜಗಳ ಆದದ್ದು ಹಾಯಿ ಅರ್ಧ ಮುಗಿದ ಮೇಲೆ. ಬಟ್ಟೆಯನ್ನು ಬಿಸಿಲಿಗೆ ಹಗ್ಗದ ಮೇಲೆ ಹರವಿದ್ದಾಗ ದ್ರಾಕ್ಷಾಯಣಿ ಅದರೊಳಗಿನಿಂದ ಆಕಾಶ ಕಂಡಳು. ಪಟ್ಟಿಗಳು ಕೂಡುವ ಜಾಗದಲ್ಲಿ ಅಲ್ಲಲ್ಲಿ ಗೇಣು ಗೇಣು ಉದ್ದ ಹೊಲಿಗೆಯನ್ನೇ ಬಿಟ್ಟಿದ್ದ. ಮರೆತು ಬಿಟ್ಟದ್ದಲ್ಲ, ಬಿಟ್ಟಲ್ಲೆಲ್ಲ ಅಂಚು ಮಡಚಿ ಅಂದವಾಗಿ ಮುಗಿಸಿದ್ದ. ಪೆಂಡಾಲಿಗೆ ಗಾಳಿ ಹೋಗಲು ಬಿಡುವಂಥ ಕಿಂಡಿಗಳು.

ಇದೇನು ಜರಡಿಯೋ ಹಾಯಿಯೋ ಎಂದು ಅವಳು ಕೇಳಿದಳು. ತೋರಿಸಲಿಕ್ಕಷ್ಟೇ ಅಲ್ಲವೇ, ಹಡಗು ಅಂಗಳ ಬಿಟ್ಟು ಎಲ್ಲಿಗೂ ಹೋಗುವುದಿಲ್ಲವಲ್ಲ ಎಂದು ಅವನು ವಾದಿಸಿದ. ತೋರಿಸುವುದಾದರೂ ನಿಜವಾದದ್ದನ್ನೇ ತೋರಿಸಬೇಕು, ಮಕ್ಕಳಿಗೆ ಸುಳ್ಳು ಹೇಳುವುದು ತನ್ನಿಂದಾಗದು ಎಂದು ಅವಳೆಂದಳು. ತಿಮಿಂಗಿಲದ ನೆನಪಾಗಿ ಅವನಿಗೆ ನಗು ಬಂತು. ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಮಾತಿಗೆ ಮಾತು ಬೆಳೆದು ಅವನು ದಬ್ಬಣ ಕೆಳಗಿಟ್ಟ. ಆಮೇಲೆ ನೆಲ ನೋಡುತ್ತ, ಯಾರಿಗೂ ತಾನಾಗಿ ಹೇಳದ ಸಂಗತಿಯೊಂದನ್ನು ಹೇಳಿದ.

ಹಿಂದೊಮ್ಮೆ ಅವನಿಗೆ ಮುಂಡಗೋಡದಲ್ಲಿ ಹೆಣ್ಣು ಗೊತ್ತಾಗಿತ್ತು. ನಿಶ್ಚಿತಾರ್ಥದ ಪೆಂಡಾಲನ್ನು ತಾನೇ ನಿಂತು ಹಾಕಿದ್ದ. ತನ್ನದೇ ಕಾರ್ಯ ಎಂದು ಹೊಸ ಬಟ್ಟೆ ಹೊಲಿಸಿ, ಒಂದು ಕಡೆಯೂ ಸಂದು ಬಿಡದೆ ಚಂದವಾಗಿ ಬಿಗಿದಿದ್ದ. ಉಂಗುರ ತೆಗೆಯುವ ಹೊತ್ತಿಗೆ ಗಾಳಿ ಎದ್ದಿತು. ಪೆಂಡಾಲು ಒಮ್ಮೆ ಉಸಿರು ತೆಗೆದುಕೊಂಡಂತೆ ಉಬ್ಬಿ, ಕಂಬಗಳನ್ನು ಕಿತ್ತುಕೊಂಡು, ರಸ್ತೆ ದಾಟಿ, ಟಿಬೆಟನ್ ಕಾಲೊನಿಯ ಗೋವಿನಜೋಳದ ಹೊಲದಲ್ಲಿ ಹೋಗಿ ಇಳಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಹೆಣ್ಣಿನ ಕಡೆಯ ಹಿರಿಯರು ಇದು ಒಳ್ಳೆಯ ಲಕ್ಷಣವಲ್ಲ ಎಂದು ಎದ್ದುಬಿಟ್ಟರು.

“ಮರುದಿವಸ ಇಬ್ಬರು ಲಾಮಾಗಳು ಪೆಂಡಾಲ ತಂದು ಕೊಟ್ರು,” ಎಂದ ಸಿದ್ದಲಿಂಗ. “ಎಷ್ಟು ಚಂದ ಮಡಚಿದ್ರು ಅಂದ್ರ, ನನಗೂ ಹಂಗ ಮಡಚಾಕ ಬರೂದಿಲ್ಲ.”

ದ್ರಾಕ್ಷಾಯಣಿಗೆ ನಗಬಾರದು ಎಂದು ಗೊತ್ತಿತ್ತು. ಆದರೂ ಕೆಂಪು ಬಟ್ಟೆಯ ಇಬ್ಬರು ಸನ್ಯಾಸಿಗಳು ಜೋಳದ ಹೊಲದಲ್ಲಿ ಆ ಕಡೆ ಒಬ್ಬರು ಈ ಕಡೆ ಒಬ್ಬರು ನಿಂತು ಗುಲಾಬಿ ಝಾಲರು ಮಡಚುವ ಚಿತ್ರ ಕಣ್ಣಿಗೆ ಕಟ್ಟಿ, ತುಟಿ ಕಚ್ಚಿಕೊಂಡರೂ ನಗು ಮೂಗಿನಿಂದ ಹೊರಬಿತ್ತು. ಗಾಬರಿಯಿಂದ ಅವನ ಮುಖ ನೋಡಿದಳು. ಅವನೂ ನಗುತ್ತಿದ್ದ. ಬಹಳ ದಿನಗಳಿಂದ ಒಳಗೆ ಕೂತಿದ್ದ ಸಂಗತಿ ಇಷ್ಟು ಹಗುರವೇ ಎಂದು ಅವನಿಗೇ ಆಶ್ಚರ್ಯವಾದಂತಿತ್ತು.

ಆ ಹುಡುಗಿಯ ಬಗ್ಗೆ ಅವಳು ಮೆಲ್ಲಗೆ ಕೇಳಿದಳು. ಬೇರೆ ಕಡೆ ಮದುವೆಯಾಗಿ ಸುಖವಾಗಿದ್ದಾಳೆ, ಆ ಮದುವೆಗೂ ಪೆಂಡಾಲು ತನ್ನದೇ ಎಂದ. ಅದಕ್ಕೆ ಬೇಕಾದಷ್ಟು ಕಿಂಡಿ ಬಿಟ್ಟಿದ್ದನಂತೆ.

ಮರುದಿನ ಅವಳು ಬರುವಷ್ಟರಲ್ಲಿ ಅವನು ಜಗಲಿಯಲ್ಲಿ ಕೂತು ಒಂದೊಂದೇ ಕಿಂಡಿಯನ್ನು ಮುಚ್ಚಿ ಹೊಲಿಯುತ್ತಿದ್ದ. ಅವಳು ಪಕ್ಕದಲ್ಲಿ ಚಹಾ ಇಟ್ಟಳು. ಆ ದಿನದಿಂದ ಅಣ್ಣಾರ ಎನ್ನುವುದು ನಿಂತಿತು. ಅದರ ಜಾಗಕ್ಕೆ ಬೇರೆ ಯಾವ ಹೆಸರೂ ಬಾಯಿಗೆ ಬರದೆ, ಅವನನ್ನು ಕರೆಯಬೇಕಾದರೆ ಅವಳು ಬಳೆ ಸಪ್ಪಳ ಮಾಡುವುದನ್ನು ಕಲಿತಳು.

ದೊಡ್ಡ ಹಾಯಿಗಿಂತ ಮೊದಲು ಸಣ್ಣದೊಂದನ್ನು ನೀರಿನಲ್ಲಿ ಪರೀಕ್ಷೆ ಮಾಡಬೇಕು ಎಂದು ಶಿವಲಿಂಗಪ್ಪ ಹಟ ಹಿಡಿದ. ಉಳಿದ ಬಟ್ಟೆಯಲ್ಲಿ ಸಿದ್ದಲಿಂಗ ಪುಟ್ಟ ಹಾಯಿ ಹೊಲಿದ. ಒಂದು ಸೋಮವಾರ, ಹಡಗಿನ ಮನೆಗೆ ರಜೆ ಇದ್ದ ದಿನ, ಮೂವರೂ ಟೆಂಪೊದಲ್ಲಿ ಗಣೇಶಗುಡಿಗೆ ಹೋದರು. ಅಲ್ಲಿ ಕಾಕಾನ ಪರಿಚಯದ ಬಾಲು ಸೂಪಾ ಹಿನ್ನೀರಿನಲ್ಲಿ ಮೀನು ಹಿಡಿಯುತ್ತಿದ್ದ. ಅವನ ದೋಣಿಗೆ ಬಿದಿರಿನ ಕಂಬ ಕಟ್ಟಿ ಹಾಯಿ ಏರಿಸಿದರು. ಮೊಣಕಾಲು ನೋವು ಎಂದು ಹೇಳಿ ಕಾಕಾ ದಂಡೆಯ ಮೇಲೆಯೇ ಕೂತ. ಹೋಗಿ ಬರ್ರಿ, ನಾನು ಇಲ್ಲಿಂದ ನೋಡುತ್ತೇನೆ ಎಂದು ಆಗಲೇ ಬೇರೆ ಕಡೆ ನೋಡತೊಡಗಿದ.

ನೀರು ಹಸಿರಾಗಿತ್ತು. ಮುಳುಗಿದ ಕಾಡಿನ ಒಣ ತುದಿಗಳು ಅಲ್ಲಲ್ಲಿ ನೀರಿನ ಮೇಲೆ ನಿಂತಿದ್ದವು, ಒಂದೊಂದರ ಮೇಲೂ ಒಂದೊಂದು ನೀರುಕಾಗೆ ರೆಕ್ಕೆ ಒಣಗಿಸಿಕೊಳ್ಳುತ್ತಿತ್ತು. ಗಾಳಿ ಇರಲಿಲ್ಲ. ಹಾಯಿ ಒಗೆದು ಹಾಕಿದ ಪಂಚೆಯ ಹಾಗೆ ಜೋತು ಬಿದ್ದಿತ್ತು. ಬಾಲು ಹುಟ್ಟು ಹಾಕುತ್ತ ನಡುನೀರಿಗೆ ತಂದು ನಿಲ್ಲಿಸಿದ.

“ಎಲ್ಲಾ ದಿವಸ ಬ್ಯಾಡ ಬ್ಯಾಡ ಅಂತೇನಿ, ಬರ್ತೈತಿ,” ಎಂದ ಸಿದ್ದಲಿಂಗ. “ಇವತ್ತ ಬಾ ಅಂದ್ರ ಪತ್ತೇನ ಇಲ್ಲ.”

ಅವನು ಗಾಳಿಗೆ ಕಾಯುತ್ತಿದ್ದದ್ದು ಜೀವನದಲ್ಲಿ ಮೊದಲ ಸಲ. ತಲೆ ಎತ್ತಿ, ಕಣ್ಣು ಕಿರಿದು ಮಾಡಿ, ದಂಡೆಯ ಮರದ ಎಲೆಗಳನ್ನು ನೋಡುತ್ತಿದ್ದ. ಕುತ್ತಿಗೆಯ ಹತ್ತಿರ ಬಿಳಿ ದಾರದ ಒಂದು ಎಳೆ ಅಂಟಿಕೊಂಡಿತ್ತು. ತೆಗೆಯಲೋ ಬೇಡವೋ ಎಂದು ದ್ರಾಕ್ಷಾಯಣಿ ಯೋಚಿಸುತ್ತಿದ್ದಾಗಲೇ ದೂರದ ನೀರಿನ ಮೇಲೆ ಸಣ್ಣ ನಡುಕ ಕಾಣಿಸಿತು. ನೀರುಕಾಗೆಗಳು ಎದ್ದವು. ಹಾಯಿ ಒಮ್ಮೆ ಪಟಪಟಿಸಿ, ಹೊಟ್ಟೆ ತುಂಬಿಕೊಂಡು ನಿಂತೇಬಿಟ್ಟಿತು.

ದೋಣಿ ಮುಗ್ಗರಿಸಿದಂತಾಗಿ ಮುಂದಕ್ಕೆ ನುಗ್ಗಿತು. ಬಿರುಗಾಳಿಯಲ್ಲಿ ಸಿಕ್ಕ ಹಡಗುಗಳ ಕತೆಯನ್ನು ಅದೆಷ್ಟೋ ಮಕ್ಕಳಿಗೆ ಕಣ್ಣರಳಿಸಿ ಹೇಳಿದ್ದ ದ್ರಾಕ್ಷಾಯಣಿ ಗಟ್ಟಿಯಾಗಿ ಕಣ್ಣು ಮುಚ್ಚಿದಳು. ಕೈಗೆ ಏನು ಸಿಕ್ಕಿತೋ ಅದನ್ನು ಹಿಡಿದಳು. ಸಿಕ್ಕಿದ್ದು ಸಿದ್ದಲಿಂಗನ ಅಂಗಿಯ ತೋಳು. ಹರಿಯುವ ನೀರಿನ ಸದ್ದು, ಬಾಲುವಿನ ನಗು, ಅದರ ಮೇಲೆ ಇನ್ನೊಂದು ಕೂಗು ಕೇಳಿಸಿತು. ಕಣ್ಣು ತೆರೆದರೆ ಸಿದ್ದಲಿಂಗ ಹಗ್ಗ ಹಿಡಿದುಕೊಂಡು, ಹಾಯಿಯನ್ನು ನೋಡುತ್ತ, ಕುರಿ ಕಾಯುವವರ ಹಾಗೆ ಕೇಕೆ ಹಾಕುತ್ತಿದ್ದ. ಅವನ ಮುಖದಲ್ಲಿ ಅಂಥ ಬೆಳಕನ್ನು ಅವಳು ನೋಡಿರಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಹಾಯಿ ಇಳಿಬಿತ್ತು, ದೋಣಿ ಸುಮ್ಮನಾಯಿತು.

“ಗಾಳಿ ನಿಂತೈತ್ರಿ,” ಎಂದ ಅವನು, ತನ್ನ ತೋಳಿನ ಕಡೆ ನೋಡುತ್ತ.

“ಗೊತ್ತೈತಿ,” ಎಂದಳು ಅವಳು. ಬಿಡಲಿಲ್ಲ.

ಬಾಲು ದಂಡೆಗೆ ಹೋಗುವ ನೇರ ದಾರಿ ಬಿಟ್ಟು, ಒಣಮರಗಳನ್ನೆಲ್ಲ ಸುತ್ತಿಸಿಕೊಂಡು, ಬಹಳ ನಿಧಾನವಾಗಿ ಹುಟ್ಟು ಹಾಕಿದ.

ಇಷ್ಟಾದರೂ ಅವನು ಬಾಯಿ ಬಿಟ್ಟು ಏನೂ ಹೇಳಲಿಲ್ಲ. ದೊಡ್ಡ ಹಾಯಿ ಮುಗಿಯುತ್ತ ಬಂತು. ಈ ನಡುವೆ ಶಿಗ್ಗಾವಿಯಿಂದ ಒಂದು ಸಂಬಂಧ ಬಂದಿದೆ, ಹುಡುಗನ ಮನೆಯವರು ಒಳ್ಳೆಯವರು, ಅಪ್ಪನಿಗೂ ಮನಸ್ಸಾಗಿದೆ ಎಂದು ಪಾಳಾದಿಂದ ಅವ್ವ ಮುದಕವ್ವ ಫೋನ್ ಮಾಡಿದಳು. ದ್ರಾಕ್ಷಾಯಣಿ ಹೂಂ ಎನ್ನಲಿಲ್ಲ, ಒಲ್ಲೆ ಎನ್ನಲೂ ಇಲ್ಲ. ಒಲ್ಲೆ ಎಂದರೆ ಯಾಕೆ ಎಂದು ಅವ್ವ ಕೇಳುತ್ತಾಳೆ. ಯಾಕೆ ಎಂಬುದಕ್ಕೆ ಹೇಳಲು ಅವಳ ಹತ್ತಿರ ಇದ್ದದ್ದು ಒಂದು ಅಂಗಿಯ ತೋಳು ಮಾತ್ರ. ಜಗಲಿಯಲ್ಲಿ ಈ ವಿಷಯವನ್ನು ಸುಮ್ಮನೆ ಹೇಳಿ ನೋಡಿದಳು. ಸಿದ್ದಲಿಂಗ ಹೊಲಿಯುವುದನ್ನು ನಿಲ್ಲಿಸಿ, ಒಳ್ಳೇದಾತಲ್ರಿ ಎಂದ. ಮತ್ತೆ ಹೊಲಿದ. ಆ ಸಂಜೆ ಅವಳು ಹೊಲಿಗೆಯನ್ನು ನೋಡಿದಳು. ಅವನು ನಿಲ್ಲಿಸಿದ್ದ ಜಾಗದಿಂದ ಮುಂದಿನ ಗೇಣುದ್ದ ಸಾಲು ಹಾವು ಹರಿದಂತೆ ಸೊಟ್ಟವಾಗಿತ್ತು.

ಮಚವೆಗೆ ಹಾಯಿ ಏರಿಸುವ ದಿನ ಅಂಗಳ ತುಂಬ ಜನ ಸೇರಿದ್ದರು. ಶಿವಲಿಂಗಪ್ಪನ ಹಳೆಯ ನೌಕಾ ಗೆಳೆಯರು ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಪಾಳಾದಿಂದ ಅಪ್ಪ ಚನಬಸಪ್ಪ, ಅವ್ವ ಮುದಕವ್ವ ರೊಟ್ಟಿ ಗಂಟಿನ ಸಮೇತ ಬಂದಿದ್ದರು. ಕಾಕಾ ತೆಂಗಿನಕಾಯಿ ಒಡೆದ. ಸಿದ್ದಲಿಂಗ ಹಗ್ಗ ಎಳೆದ. ಬಿಳಿ ಹಾಯಿ ಓರೆಯಾಗಿ ಮೇಲೇರಿ, ನದಿಯ ಕಡೆಯಿಂದ ಬಂದ ಗಾಳಿಗೆ ತುಂಬಿಕೊಂಡಾಗ ಜನರೆಲ್ಲ ತಲೆ ಎತ್ತಿ ನೋಡಿ ಚಪ್ಪಾಳೆ ತಟ್ಟಿದರು.

ಇಬ್ಬರು ಮಾತ್ರ ಹಾಯಿ ನೋಡುತ್ತಿರಲಿಲ್ಲ. ಸಿದ್ದಲಿಂಗ ದ್ರಾಕ್ಷಾಯಣಿಯನ್ನು ನೋಡುತ್ತಿದ್ದ. ಅವನು ನೋಡುವುದನ್ನು ಮುದಕವ್ವ ನೋಡುತ್ತಿದ್ದಳು.

ಜನ ಊಟಕ್ಕೆ ಕೂತ ಮೇಲೆ ಅವ್ವ ಸೆರಗು ಸರಿಪಡಿಸಿಕೊಂಡು ಹಗ್ಗ ಸುತ್ತುತ್ತಿದ್ದ ಅವನ ಹತ್ತಿರ ಹೋಗುವುದನ್ನು ದ್ರಾಕ್ಷಾಯಣಿ ಬಡಿಸುತ್ತಲೇ ಕಂಡಳು. ಅವ್ವ ಏನೋ ಕೇಳಿದಳು. ಅವನು ತಲೆ ಅಲ್ಲಾಡಿಸಿದ. ಅವ್ವ ಮತ್ತೆ ಕೇಳಿದಳು. ಅವನು ನೆಲ ನೋಡುತ್ತ ಏನೋ ಹೇಳಿ, ಕೈ ಮುಗಿದು, ಉಣ್ಣದೆ ಟೆಂಪೊ ಹತ್ತಿ ಹೊರಟುಹೋದ. ಏನು ಮಾತಾಡಿದಿ ಎಂದು ಕೇಳಿದರೆ, ಬಟ್ಟೆ ಚಲೋ ಹೊಲಿದಿದ್ದಾನೆ ಅಂದೆ ಎಂದು ಅವ್ವ ಸಾರು ಸುರಿದುಕೊಂಡಳು.

ಆಮೇಲೆ ಅವನು ಬರಲಿಲ್ಲ. ಕೆಲಸ ಮುಗಿದಿತ್ತು, ಬರಲು ನೆಪವೂ ಇರಲಿಲ್ಲ. ಹಾಯಿಯ ಚಿತ್ರ ತೆಗೆದು ಮೊಬೈಲಿಗೆ ಕಳಿಸಿದರೆ, ಚಲೋ ಬಂದೈತ್ರಿ ಎಂದು ಬರೆದ. ಅಷ್ಟೇ. ದ್ರಾಕ್ಷಾಯಣಿ ಜನರಿಗೆ ದಾರಿ ತೋರಿಸುತ್ತ ಬಂದು ಜಗಲಿಯಲ್ಲಿ ನಿಂತರೆ ಅಲ್ಲಿ ಬಿಳಿ ದಾರದ ತುಂಡುಗಳಷ್ಟೇ ಇದ್ದವು. ತಿಮಿಂಗಿಲ ಬೆಳೆಯುವುದನ್ನು ನಿಲ್ಲಿಸಿತು. ಒಂದು ದಿನ ಅವಳು ಅದನ್ನು ಕತೆಯಿಂದಲೇ ಬಿಟ್ಟುಬಿಟ್ಟಳು. ಕಾಕಾ ಮೀಸೆ ತಿರುವುತ್ತ, ಎರಡು ದಿನ ಊರಿಗೆ ಹೋಗಿ ಬಾ ಎಂದ.

ಪಾಳಾದ ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ದ್ರಾಕ್ಷಾಯಣಿ ಪಕ್ಕದಲ್ಲಿ ಕೂತು ಒಲೆಗೆ ಕಟ್ಟಿಗೆ ಸರಿಸುತ್ತಿದ್ದಳು. ಬಡಿಯುವ ಕೈ ನಿಲ್ಲಿಸದೆಯೇ ಅವ್ವ ಶುರು ಮಾಡಿದಳು.

“ಆ ದಿವಸ ನಾ ಅವಗ ಬೇಕಂತ ಕೇಳಿದೆ. ತಮ್ಮಾ, ನಮ್ಮ ಹುಡುಗಿದು ನಿಶ್ಚಯ ಐತಿ, ನಿಂದ ಪೆಂಡಾಲ ಹಾಕು ಅಂದೆ. ಒಲ್ಲೆ ಅಂದ.”

ದ್ರಾಕ್ಷಾಯಣಿಯ ಕೈಯಲ್ಲಿದ್ದ ಕಟ್ಟಿಗೆ ಅಲ್ಲೇ ನಿಂತಿತು.

“ಬ್ಯಾರೆ ಕೆಲಸ ಐತೇನ ಅಂದೆ. ಇಲ್ರಿ, ಖಾಲಿ ಅದೇನಿ ಅಂದ. ಮತ್ತ ಏನ್ ತ್ರಾಸ ಅಂದೆ. ನೆಲಾ ನೋಡಿ ಹೇಳ್ತಾನ, ‘ಎಲ್ಲಾರ ಮದುವಿಗೂ ಹಾಕ್ತೇನ್ರಿ ಅವ್ವಾರ, ಆಕಿದೊಂದು ನನ್ನ ಕೈಲೆ ಆಗೂದಿಲ್ಲ. ಕಂಬ ನೆಡಾಕ ಕೈ ಏಳೂದಿಲ್ಲ.’ ಆಕಿಗೆ ಹೇಳಬ್ಯಾಡ್ರಿ ಅಂತ ಕೈ ಮುಗದ. ಇಷ್ಟು ದಿವಸ ಹೇಳಲಿಲ್ಲ. ಇನ್ನ ಹೊಟ್ಟ್ಯಾಗ ಇಟ್ಕೊಳ್ಳೂದು ನನ್ನ ಕೈಲೆ ಆಗೂದಿಲ್ಲ.”

ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಅಪ್ಪನಿಗೆ ಎಲ್ಲವೂ ಕೇಳಿಸಿತ್ತು. ಗಾಳಿಗೆ ಪೆಂಡಾಲು ಹಾರಿಸಿದವನು ಅವನೇ ಅಲ್ಲವೇ ಎಂದು ಅಲ್ಲಿಂದಲೇ ಕೇಳಿದ. ಆಗ ಧಾರವಾಡದಲ್ಲಿದ್ದ ಮಗಳೊಬ್ಬಳನ್ನು ಬಿಟ್ಟರೆ ಆ ಕತೆ ಮುಂಡಗೋಡ ತಾಲ್ಲೂಕಿಗೆಲ್ಲ ಗೊತ್ತಿತ್ತು. ಹೌದು, ಈಗ ಗಾಳಿ ಹಿಡಿಯುವುದು ಕಲಿತಿದ್ದಾನೆ ಎಂದು ಅವ್ವ ರೊಟ್ಟಿ ಮಗುಚಿದಳು. ಅಪ್ಪ ಸ್ವಲ್ಪ ಹೊತ್ತು ಯೋಚಿಸಿದ. ಶಿಗ್ಗಾವಿಯವರಿಗೆ ತಾನೇ ಫೋನ್ ಮಾಡಿ ಹೇಳುತ್ತೇನೆ, ಇನ್ನೂ ಮಾತು ಕೊಟ್ಟಿಲ್ಲವಲ್ಲ ಎಂದು ಎದ್ದ. ಆಮೇಲೆ ಮಗಳ ಕಡೆ ತಿರುಗಿ, ನಿನಗೂ ಮನಸ್ಸು ಐತೋ ಇಲ್ಲೋ ಎಂದು ಕೇಳಿದ.  ಮಾತು ಬಲ್ಲ ದ್ರಾಕ್ಷಾಯಣಿ ಬರೀ ಗೋಣು ಹಾಕಿದಳು.

ಅವನು ಇವತ್ತು ಮುಂಡಗೋಡದಲ್ಲಿದ್ದಾನೆ, ಒಂದು ಮದುವೆ ಮುಗಿದು ಪೆಂಡಾಲು ಬಿಚ್ಚುತ್ತಿರಬೇಕು ಎಂದಳು ಅವ್ವ. ಅದೆಲ್ಲ ಅವ್ವನಿಗೆ ಹೇಗೆ ಗೊತ್ತು ಎಂದು ಕೇಳಲು ದ್ರಾಕ್ಷಾಯಣಿ ನಿಲ್ಲಲಿಲ್ಲ. ಬಸ್ಸು ಆಗಲೇ ರಸ್ತೆಯ ತಿರುವಿನಲ್ಲಿ ಹಾರ್ನ್ ಹೊಡೆಯುತ್ತಿತ್ತು.

ಮದುವೆ ಮುಗಿದ ಮೈದಾನದಲ್ಲಿ ಹೂವಿನ ಎಸಳು, ಮುದುಡಿದ ಪೇಪರ್ ಲೋಟ ಬಿದ್ದಿದ್ದವು. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಹಳದಿ ಪೆಂಡಾಲು ಮಾತ್ರ ಇನ್ನೂ ನಿಂತಿತ್ತು. ನಡುವೆ ಏಣಿಯ ತುದಿಯಲ್ಲಿ ಸಿದ್ದಲಿಂಗ, ಒಂದು ಕೈಯಲ್ಲಿ ಬಟ್ಟೆ ಹಿಡಿದು ಇನ್ನೊಂದರಿಂದ ಕಂಬದ ಗಂಟು ಬಿಚ್ಚುತ್ತಿದ್ದ. ಏಣಿಯನ್ನು ಹಿಡಿದು ನಿಂತಿದ್ದವನು ಲಚ್ಚಪ್ಪ, ಅವನ ಅಪ್ಪನ ಕಾಲದಿಂದಲೂ ಜೊತೆಗಿದ್ದ ಹಿರಿಯ ಕೆಲಸಗಾರ. ಲಚ್ಚಪ್ಪ ಅವಳನ್ನು ಕಂಡ. ಏಣಿಯನ್ನು ಅವಳ ಕೈಗೆ ಕೊಟ್ಟು ಹೊರಗೆ ಹೋಗಿ ಹಗ್ಗ ಸುತ್ತತೊಡಗಿದ.

“ಅವ್ವಗ ಹೇಳಿದ್ದು ನನಗ್ಯಾಕ ಹೇಳಲಿಲ್ಲ?”

ಏಣಿ ನಡುಗಿತು. ಮೇಲಿನಿಂದ ಅವನ ಮುಖ ಬಗ್ಗಿ ನೋಡಿತು. ಕೆಳಗಿಳಿದು ಮಾತಾಡುತ್ತೇನೆ ಎಂದ. ಇಳಿಯುವುದು ಬೇಡ ಎಂದಳು.

“ಅಲ್ಲೇ ನಿಂತು ಹೇಳ್ರಿ. ಕೆಳಗ ಬಂದ್ರ ಮತ್ತ ನೆಲಾ ನೋಡ್ತೀರಿ.”

“ಲಚ್ಚಪ್ಪ ಕೇಳ್ತಾನ.”

ನನಗೆ ಕಿವಿ ಮಂದ ಎಂದು ಹೊರಗಿನಿಂದ ಲಚ್ಚಪ್ಪ ಹೇಳಿದ.

ಸಿದ್ದಲಿಂಗ ಬಟ್ಟೆಯನ್ನು ಎದೆಗೆ ಅವಚಿಕೊಂಡ. ಮಾತಾಡಿದಾಗ ಅವನ ದನಿ ಮೆಲ್ಲಗಿತ್ತು, ಆದರೆ ತಡವರಿಸಲಿಲ್ಲ.

“ನಿಮಗ ಚಲೋ ಮನಿ ಬಂದೈತಿ, ನಾ ನಡುವ ಬರಬಾರದು ಅಂತ ಸುಮ್ಮನ ಕುಂತೆ. ಆದ್ರ ಕೆಲಸ ಮಾಡಾಕ ಆಗವಲ್ದು. ಮೊದಲ ನಾ ಮದುವಿ ಮನ್ಯಾಗ ಬರೇ ಕಂಬ ನೋಡ್ತಿದ್ದೆ. ಈಗ ಎಲ್ಲಿ ಹೋದ್ರೂ ಮದುಮಗಳ ಕುರ್ಚ್ಯಾಗ ನಿಮ್ಮನ್ನ ಕುಂದರಿಸಿ ನೋಡ್ತೇನಿ. ಬಾಜೂ ಕುರ್ಚ್ಯಾಗ ನಾ ಕುಂತಿರ್ತೇನಿ. ನಿನ್ನೆ ಹಂಗ ನೋಡ್ಕೋತ ನಿಂತು ಕುಣಿ ಬಿಟ್ಟು ಬಾಜೂಕ ಕಂಬ ನೆಟ್ಟೆ.”

“ನಾ ಅಲ್ಲಿ ಕುಂತು ಏನ್ ಮಾಡ್ತಿರ್ತೇನಿ?”

“ನಗ್ತಿರ್ತೀರಿ. ಬಂದವರಿಗೆಲ್ಲಾ ತಿಮಿಂಗಿಲದ ಕತಿ ಹೇಳ್ತಿರ್ತೀರಿ.”

ಅವಳಿಗೆ ನಗು ಬಂತು, ಅದರ ಹಿಂದೆಯೇ ಕಣ್ಣೀರೂ ಬಂತು. ಒರೆಸಿಕೊಳ್ಳಲು ಕೈ ಬಿಟ್ಟರೆ ಏಣಿ ಬೀಳುತ್ತದೆ. ಹಾಗೇ ಮುಖ ಮೇಲೆತ್ತಿ ನಿಂತಳು.

“ನಾ ಒಲ್ಲೆ ಅಂದ್ರ?”

“ಒಲ್ಲೆ ಅನ್ನಾಕ ಯಾರೂ ಬಸ್ಸು ಹಿಡದು ಮುಂಡಗೋಡಕ್ಕ ಬರೂದಿಲ್ಲ,” ಎಂದ ಸಿದ್ದಲಿಂಗ. ಈಗ ಅವನ ದನಿಯಲ್ಲೂ ನಗು ಸೇರಿತ್ತು. “ಇಳೀಲೇನು?”

“ಇಳಿ,” ಎಂದಳು ದ್ರಾಕ್ಷಾಯಣಿ. ರೀ ಎನ್ನುವುದು ಎಲ್ಲಿ ಬಿದ್ದುಹೋಯಿತೋ ಅವಳಿಗೆ ತಿಳಿಯಲಿಲ್ಲ.

ಅವನಿಗೆ ತಿಳಿಯಿತು. ಅವಸರಕ್ಕೆ ಎರಡೂ ಕೈಯಿಂದ ಏಣಿ ಹಿಡಿದ. ಹಿಡಿದಿದ್ದ ಬಟ್ಟೆ ಬಿಟ್ಟುಹೋಯಿತು. ಬಿಚ್ಚಿದ್ದ ಗಂಟು ಸರಸರ ಜಾರಿ, ಇಡೀ ಪೆಂಡಾಲು ಒಂದು ದೊಡ್ಡ ಉಸಿರು ಬಿಟ್ಟಂತೆ ಮೆಲ್ಲಗೆ ಅವರ ಮೇಲೆ ಇಳಿಯಿತು.

ಒಳಗೆಲ್ಲ ಹಳದಿ ಬೆಳಕು. ಅವಳ ಕೈ, ಮುಖ, ಏಣಿಯ ಮೆಟ್ಟಿಲು ಎಲ್ಲವೂ ಅರಿಶಿನದಲ್ಲಿ ಅದ್ದಿ ತೆಗೆದಂತೆ. ಮಲ್ಲಿಗೆಯ ವಾಸನೆ ಇನ್ನೂ ಬಟ್ಟೆಯಲ್ಲಿತ್ತು. ಎಲ್ಲೋ ಮೇಲೆ ಅವನು ಬಟ್ಟೆ ಸರಿಸುತ್ತ ಒಂದೊಂದೇ ಮೆಟ್ಟಿಲು ಇಳಿಯುವ ಸದ್ದು ಕೇಳಿಸಿತು. ದ್ರಾಕ್ಷಾಯಣಿ ಏಣಿಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಅವನು ಕೊನೆಯ ಮೆಟ್ಟಿಲಿಗೆ ಬಂದು ಅವಳ ಎದುರು ನಿಂತಾಗ ತಲೆಯ ಮೇಲೆ ಒಂದು ಹೂವಿನ ಎಸಳು ಅಂಟಿಕೊಂಡಿತ್ತು. ಈ ಸಲ ಅವಳು ಯೋಚಿಸಲಿಲ್ಲ, ಕೈ ಚಾಚಿ ತೆಗೆದಳು. ಆ ಕೈಯನ್ನು ಅವನು ಹಿಡಿದುಕೊಂಡ.

ಹೊರಗಿನಿಂದ ಲಚ್ಚಪ್ಪ ಕೆಮ್ಮಿದ.

“ಬಟ್ಟಿ ತಗೀಲೇನ್ರಿ?”

“ತಡಿ,” ಎಂದರು ಇಬ್ಬರೂ ಒಟ್ಟಿಗೇ.